ನರ್ಸಮ್ಮನ ಇನ್ನೂರ ಹದಿನಾಲ್ಕು ಮಕ್ಕಳು

ಊರಿನಲ್ಲಿ ಆಕೆಯನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರಿಗೂ ಆಕೆ ನರ್ಸಮ್ಮ. ಬಸ್ ನಿಲ್ದಾಣದ ಹಿಂದಿದ್ದ ನಾಲ್ಕು ಹಾಸಿಗೆಯ ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತಾರು ವರ್ಷ ದುಡಿದಿದ್ದಳು. ಅದನ್ನು ದೊಡ್ಡಾಸ್ಪತ್ರೆಗೆ ಸೇರಿಸಿ ಬಾಗಿಲು ಹಾಕಿದ ವರ್ಷವೇ ನಿವೃತ್ತಳೂ ಆದಳು. ಈಗ ಅರವತ್ತನಾಲ್ಕು. ಆದರೂ ನಡಿಗೆ ಮಾತ್ರ ವಾರ್ಡಿನದೇ: ಬೇಗ ಬೇಗ, ಸದ್ದಿಲ್ಲದೆ, ಯಾರೋ ಒಳಗೆ ನರಳುತ್ತಿದ್ದಾರೆ ಎನ್ನುವ ಹಾಗೆ.

ಜನರನ್ನು ಆಕೆ ಗುರುತು ಹಿಡಿಯುವ ಬಗೆಯೂ ಬೇರೆ. ಮೀಸೆ ಚಿಗುರಿದ ಹುಡುಗನೊಬ್ಬ ಗೆಳೆಯರ ಜೊತೆ ಎದುರಾದರೆ, "ಏನೋ, ನೀನು ಎರಡೂಮುಕ್ಕಾಲು ಕೆಜಿಯವನಲ್ವಾ? ಕಾಲು ಮುಂದೆ ಮಾಡ್ಕೊಂಡು ಬಂದೋನು?" ಎಂದು ನಡುರಸ್ತೆಯಲ್ಲೇ ಕೇಳಿಬಿಡುತ್ತಿದ್ದಳು. ಹುಡುಗ ನಾಚಿ ನೀರಾಗುತ್ತಿದ್ದ. ಬ್ಯಾಂಕಿನ ಗಾಜಿನ ಕಿಟಕಿಯ ಹಿಂದೆ ಟೈ ಕಟ್ಟಿಕೊಂಡು ಕೂತವನಿಗೂ ಬಿಡುಗಡೆ ಇರಲಿಲ್ಲ. "ಅಳೋದಕ್ಕೂ ಸೋಮಾರಿತನ ಇವನಿಗೆ. ಬೆನ್ನಿಗೆರಡು ಬಿಗಿದ ಮೇಲೆ ಬಾಯಿ ಬಿಟ್ಟ" ಎಂದು ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು.

ಇದೆಲ್ಲ ಬರೀ ನೆನಪಿನ ಬಲವಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಲ್ಲಿದ್ದ ಡಾಕ್ಟರಮ್ಮ, "ಆಸ್ಪತ್ರೆ ರಿಜಿಸ್ಟರು ಆಸ್ಪತ್ರೆಗೆ. ನಿನ್ನ ಕೈಯಲ್ಲಿ ಹುಟ್ಟಿದ್ದನ್ನ ನೀನೂ ಬರೆದಿಟ್ಕೋ, ಒಂದಲ್ಲ ಒಂದು ದಿನ ಬೇಕಾಗುತ್ತೆ" ಎಂದಿದ್ದರು. ಅಂದಿನಿಂದ ನರ್ಸಮ್ಮ ಪ್ರತಿ ಹೆರಿಗೆಯನ್ನೂ ನೀಲಿ ರಟ್ಟಿನ ನೋಟುಬುಕ್ಕಿನಲ್ಲಿ ಬರೆಯುತ್ತ ಬಂದಳು. ತಾಯಿಯ ಹೆಸರು, ತಂದೆಯ ಹೆಸರು, ದಿನ, ಗಳಿಗೆ, ಗಂಡೋ ಹೆಣ್ಣೋ, ತೂಕ, ಕೊನೆಯಲ್ಲಿ ಜನನ ವರದಿಯ ಚೀಟಿಯ ನಂಬರು. ಅಂಥ ಇಪ್ಪತ್ತೆರಡು ಪುಸ್ತಕಗಳು ಮನೆಯ ಕಪಾಟಿನ ಕೆಳಗಿನ ಅರೆಯಲ್ಲಿದ್ದವು.

ಆ ಚೀಟಿಯ ವಿಷಯ ಇಷ್ಟು. ಮಗು ಹುಟ್ಟಿದರೆ ಆಸ್ಪತ್ರೆಯವರು ಒಂದು ಚೀಟಿ ಬರೆದು ಪುರಸಭೆಯ ಜನನ ಮರಣ ವಿಭಾಗಕ್ಕೆ ಕಳಿಸಬೇಕು. ಅಲ್ಲಿನ ಗುಮಾಸ್ತ ಅದನ್ನು ನೋಡಿ ದೊಡ್ಡ ರಿಜಿಸ್ಟರಿನಲ್ಲಿ ಏರಿಸಬೇಕು. ಏರಿಸಿದರೆ ಆ ಮಗು ಸರ್ಕಾರದ ಪಾಲಿಗೆ ಹುಟ್ಟಿದ ಹಾಗೆ. ನರ್ಸಮ್ಮ ಪ್ರತಿ ತಿಂಗಳ ಕೊನೆಗೆ ಚೀಟಿಗಳನ್ನು ದಾರದಲ್ಲಿ ಕಟ್ಟಿಕೊಂಡು ತಾನೇ ಹೋಗಿ ಕೊಟ್ಟು, ಟಪಾಲು ಪುಸ್ತಕದಲ್ಲಿ ಗುಮಾಸ್ತನ ಸಹಿ ಹಾಕಿಸಿಕೊಂಡು ಬರುತ್ತಿದ್ದಳು.

ಹಾಗೆ ಹೋಗಿ ಬರುವಾಗಲೇ ಆಕೆ ತನ್ನ ತಂಗಿಗೆ ಗಂಡು ಹುಡುಕಿದ್ದು.

ತಾಯಿ ತೀರಿಕೊಂಡಾಗ ನರ್ಸಮ್ಮನಿಗೆ ಇಪ್ಪತ್ತು, ತಂಗಿಗೆ ಆರು. ತಂಗಿಯ ಜಡೆ ಹೆಣೆದು, ಶಾಲೆಗೆ ಕಳಿಸಿ, ಜ್ವರ ಬಂದರೆ ಹಾಸಿಗೆಯ ಪಕ್ಕ ಕೂತು ಬೆಳೆಸಿದವಳು ಇವಳೇ. ತನ್ನ ಮದುವೆಯ ಮಾತು ಬಂದಾಗಲೆಲ್ಲ "ಮೊದಲು ಇವಳದ್ದೊಂದು ಆಗಲಿ" ಎನ್ನುತ್ತಿದ್ದಳು. ಇವಳದ್ದೊಂದು ಆಗುವ ಹೊತ್ತಿಗೆ ತನ್ನದನ್ನು ಕೇಳುವವರೇ ಇರಲಿಲ್ಲ. ಜನನ ಮರಣ ವಿಭಾಗದ ಗುಮಾಸ್ತನ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಮಾತು ಕಡಿಮೆ. ಕೌಂಟರಿನಲ್ಲಿ ಎಂಥ ಜಗಳಗಂಟರು ಬಂದರೂ ದನಿ ಏರಿಸುತ್ತಿರಲಿಲ್ಲ. ಇಷ್ಟು ಅಚ್ಚುಕಟ್ಟಾಗಿ ಬರೆಯುವವನು ಸಂಸಾರವನ್ನೂ ಅಷ್ಟೇ ಅಚ್ಚುಕಟ್ಟಾಗಿ ನಡೆಸುತ್ತಾನೆ ಎಂದು ಲೆಕ್ಕ ಹಾಕಿ ನರ್ಸಮ್ಮ ತಾನೇ ಮಾತೆತ್ತಿದಳು. ಮದುವೆಯಾಗಿ ಇಪ್ಪತ್ತಾರು ವರ್ಷ. ಭಾನುವಾರ ತಂಗಿ, ತಂಗಿಯ ಗಂಡ, ಅವರ ಒಬ್ಬಳೇ ಮಗಳು ಇವಳ ಮನೆಗೆ ಊಟಕ್ಕೆ ಬರುವುದು ಎಂದೂ ತಪ್ಪಿರಲಿಲ್ಲ. ಆತ ನರ್ಸಮ್ಮನನ್ನು ಬಾಯ್ತುಂಬ "ಅಕ್ಕ" ಎನ್ನುತ್ತಿದ್ದ. ತಂಗಿಯ ಮಗಳಿಗಂತೂ ದೊಡ್ಡಮ್ಮನೆಂದರೆ ಪ್ರಾಣ.

ಒಂದು ಮಧ್ಯಾಹ್ನ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಹದಿನೇಳು ದಾಟಿದ ಮಗಳನ್ನು ಕರೆದುಕೊಂಡು ನರ್ಸಮ್ಮನ ಮನೆಗೆ ಬಂದಳು. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಜೋತಾಡುತ್ತಿತ್ತು. ಮಿಷನ್ ಮುಂದಿನಿಂದ ಎದ್ದು ಬಂದಿದ್ದಳು.

"ನರ್ಸಮ್ಮಾ, ಇವಳಿಗೆ ನರ್ಸಿಂಗ್ ಕಾಲೇಜಲ್ಲಿ ಸೀಟು ಸಿಕ್ಕಿದೆ. ಮೊದಲೆಲ್ಲ ಶಾಲೆ ಸರ್ಟಿಫಿಕೇಟು ಸಾಕಿತ್ತಂತೆ. ಈ ವರ್ಷದಿಂದ ಜನನ ಪ್ರಮಾಣಪತ್ರಾನೇ ಬೇಕಂತೆ. ಆಫೀಸಿಗೆ ಹೋದ್ರೆ ಇದನ್ನ ಕೊಟ್ಟು ಕಳಿಸಿದ್ರು."

ಕಾಗದದಲ್ಲಿ ಮೂರೇ ಸಾಲು. ಸದರಿ ಜನನವು ಈ ಕಚೇರಿಯ ದಾಖಲೆಗಳಲ್ಲಿ ಕಂಡುಬಂದಿರುವುದಿಲ್ಲ.

ನರ್ಸಮ್ಮ ನಕ್ಕಳು. "ಕಂಡುಬರದೆ ಎಲ್ಲಿಗೆ ಹೋಗುತ್ತೆ? ಹುಡುಕೋಕೆ ಮೈ ಬಗ್ಗಿಸಿರಲ್ಲ" ಎಂದು ನೀಲಿ ಪುಸ್ತಕ ತೆಗೆದು ಎರಡೇ ನಿಮಿಷದಲ್ಲಿ ತೋರಿಸಿದಳು. "ನೋಡು, ಇಲ್ಲಿದ್ದೀಯ ನೀನು. ಬೆಳಗ್ಗೆ ಹತ್ತೂ ಹತ್ತು, ಮೂರು ಕೆಜಿ ನೂರು ಗ್ರಾಂ. ನಿಮ್ಮಮ್ಮ ನನ್ನ ಕೈ ಹಿಡಿದು ಬಳೆ ಒಡೆದು ಹಾಕಿದ್ಲು."

ಹುಡುಗಿ ತನ್ನ ಹುಟ್ಟಿನ ಸಾಲನ್ನು ಬೆರಳಿಟ್ಟು ಓದಿದಳು. ನರ್ಸಮ್ಮ ಧೈರ್ಯ ಹೇಳಿದಳು: "ಆಗ ಆ ವಿಭಾಗದಲ್ಲಿದ್ದಿದ್ದು ನನ್ನ ತಂಗಿ ಗಂಡಾನೇ. ಕೇಳಿ ಹೇಳ್ತೀನಿ, ನಿಶ್ಚಿಂತೆಯಾಗಿರಿ."

ತಂಗಿಯ ಗಂಡ ಈಗ ನೀರಿನ ವಿಭಾಗದಲ್ಲಿದ್ದ. ನಿವೃತ್ತಿಗೆ ಆರು ತಿಂಗಳಿತ್ತು. ಭಾನುವಾರ ಊಟದ ನಡುವೆ ನರ್ಸಮ್ಮ ವಿಷಯ ತೆಗೆದಳು. ಆತ ತುತ್ತನ್ನು ತಟ್ಟೆಗೆ ಇಳಿಸಿ, "ಪುಟ ಹರಿದಿರಬಹುದು ಅಕ್ಕ. ರಿಜಿಸ್ಟರು ಹಳೇದು. ಆಗಿನ ಟಪಾಲು ಪುಸ್ತಕ ನಿಮ್ಮ ಹತ್ರ ಇದೆಯಾ?" ಎಂದ.

"ಇರದೆ! ಆಸ್ಪತ್ರೆ ಮುಚ್ಚಿದಾಗ ಎಲ್ಲಾ ರದ್ದಿಗೆ ಹಾಕ್ತಿದ್ರು. ಇದನ್ನ ಮಾತ್ರ ನಾನು ಮನೆಗೆ ತಂದಿಟ್ಕೊಂಡೆ."

"ಒಳ್ಳೇದಾಯ್ತು. ಕೊಟ್ಟಿರಿ, ಆಫೀಸಲ್ಲಿ ಹೊಂದಿಸಿ ನೋಡ್ತೀನಿ."

ನರ್ಸಮ್ಮ ಹೆಮ್ಮೆಯಿಂದಲೇ ತಂದುಕೊಟ್ಟಳು. ಎರಡು ಉದ್ದನೆಯ ಪುಸ್ತಕ, ಪ್ರತಿ ತಿಂಗಳ ಎದುರು ಆತನ ಸಹಿ. ತಂಗಿ ಅವನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಆ ದಿನ ತಂಗಿ ಊಟ ಸರಿಯಾಗಿ ಮಾಡಲಿಲ್ಲ ಎಂಬುದು ನರ್ಸಮ್ಮನ ಕಣ್ಣಿಗೆ ಬಿತ್ತು. ಹೊಟ್ಟೆ ಸರಿ ಇರಲಿಕ್ಕಿಲ್ಲ ಎಂದುಕೊಂಡು ಜೀರಿಗೆ ನೀರು ಕಾಯಿಸಿ ಕೊಟ್ಟಳು.

ವಾರ ಕಳೆಯಿತು. "ಹುಡುಕ್ತಾ ಇದ್ದಾರೆ ಅಕ್ಕ" ಎಂದು ತಂಗಿ ಫೋನಿನಲ್ಲಿ ಹೇಳಿದಳು. ಅಷ್ಟರಲ್ಲಿ ಇನ್ನೊಬ್ಬಳು ತಾಯಿ ಬಂದಳು. ಆಮೇಲೆ ಮತ್ತೊಬ್ಬಳು. ಗ್ಯಾರೇಜಿನವನು ಮಗನನ್ನು ಕರೆತಂದ. ತಿಂಗಳು ತುಂಬುವುದರೊಳಗೆ ಹನ್ನೊಂದು ಮನೆಯವರು ಅದೇ ಮೂರು ಸಾಲಿನ ಕಾಗದ ಹಿಡಿದು ಬಂದಿದ್ದರು. ಎಲ್ಲವೂ ಒಂದು ನಾಲ್ಕು ವರ್ಷಗಳ ಅವಧಿಯ ಒಳಗಿನ ಹುಟ್ಟು.

ಊರಿನಲ್ಲಿ ಮಾತು ಹೊರಳಿತು. ಗ್ಯಾರೇಜಿನವನು ಬಾಗಿಲಲ್ಲೇ ನಿಂತು ಕೂಗಾಡಿದ. "ಸರ್ಕಾರಿ ಸಂಬಳ ತಗೊಂಡು ಒಂದು ಚೀಟಿ ಕಳಿಸೋಕೆ ಆಗ್ಲಿಲ್ವಾ ನಿಮ್ಗೆ? ತೂಕ ನೆನಪಿಟ್ಕೊಂಡು ದಾರೀಲಿ ಹೋಗೋರ್ನೆಲ್ಲ ಆಡ್ಕೊಳ್ಳೋದು ಮಾತ್ರ ಗೊತ್ತು!" ಮರುದಿನ ತರಕಾರಿ ಅಂಗಡಿಯವಳು ಚಿಲ್ಲರೆಯನ್ನು ಕೈಗೆ ಕೊಡದೆ ಹಲಗೆಯ ಮೇಲಿಟ್ಟಳು. ಅವಳ ಮೂರು ಮಕ್ಕಳೂ ನರ್ಸಮ್ಮನ ಕೈಯಲ್ಲೇ ಭೂಮಿಗೆ ಬಿದ್ದವರು.

ಆಮೇಲೆ ಬಂದಿತು ನೋಟೀಸು. ಜನನ ಮರಣ ವಿಭಾಗಕ್ಕೆ ಹೊಸದಾಗಿ ಬಂದಿದ್ದ ಅಧಿಕಾರಿ ಕಳಿಸಿದ್ದರು. ಇಂತಿಂಥ ಅವಧಿಯ ಜನನಗಳನ್ನು ವರದಿ ಮಾಡದಿರಲು ಕಾರಣವೇನು, ಹದಿನೈದು ದಿನಗಳಲ್ಲಿ ಉತ್ತರಿಸಿ ಎಂದಿತ್ತು. ಜೊತೆಗೆ, ಅಂದಿನ ಗುಮಾಸ್ತನು ಕೊಟ್ಟ ಹೇಳಿಕೆಯ ನಕಲು.

"ಸದರಿ ಅವಧಿಯಲ್ಲಿ ಹೆರಿಗೆ ಆಸ್ಪತ್ರೆಯಿಂದ ಯಾವುದೇ ಜನನ ವರದಿಗಳು ಸ್ವೀಕೃತವಾಗಿರುವುದಿಲ್ಲ. ಆ ಬಗ್ಗೆ ಆಸ್ಪತ್ರೆಯ ನರ್ಸ್‌ಗೆ ಹಲವು ಬಾರಿ ಮೌಖಿಕವಾಗಿ ತಿಳಿಸಿದ್ದರೂ ಪ್ರಯೋಜನವಾಗಿರುವುದಿಲ್ಲ."

ನರ್ಸಮ್ಮ ಕೊನೆಯ ಸಹಿಯವರೆಗೆ ಹೋಗಬೇಕಾಗಿರಲಿಲ್ಲ. ಆ ದುಂಡನೆಯ ಅಕ್ಷರ, ಒತ್ತಕ್ಷರಕ್ಕೂ ಅಕ್ಷರಕ್ಕೂ ನಡುವಿನ ಆ ಒಂದೇ ಅಳತೆಯ ಜಾಗ. ಕುರ್ಚಿ ಎಳೆದುಕೊಂಡು ಕೂತು ಮತ್ತೊಮ್ಮೆ ಓದಿದಳು. "ಹಲವು ಬಾರಿ ಮೌಖಿಕವಾಗಿ" ಎಂಬಲ್ಲಿ ಕಣ್ಣು ನಿಂತುಬಿಟ್ಟಿತು. ಇಪ್ಪತ್ತಾರು ವರ್ಷದ ಭಾನುವಾರಗಳಲ್ಲಿ ಆತ ತನಗೆ ಮೌಖಿಕವಾಗಿ ಹೇಳಿದ್ದು "ಇನ್ನೊಂದು ಸೌಟು ಹಾಕಿ ಅಕ್ಕ" ಎಂಬುದನ್ನೇ.

ತಡಮಾಡದೆ ತಂಗಿಯ ಮನೆಗೆ ನಡೆದಳು. ಆತ ಮನೆಯಲ್ಲಿರಲಿಲ್ಲ. ತಂಗಿ ಒಗೆದ ಬಟ್ಟೆಗಳನ್ನು ಮಡಚುತ್ತಿದ್ದಳು. ಅಕ್ಕನ ಕೈಯಲ್ಲಿದ್ದ ಕಾಗದ ನೋಡಿದವಳೇ ಮಡಚುವುದನ್ನು ನಿಲ್ಲಿಸದೆ ಹೇಳಿದಳು: "ಕೂತ್ಕೋ ಅಕ್ಕ."

"ಕೂರೋಕೆ ಬಂದಿಲ್ಲ. ಇದೇನು?"

"ಆರು ತಿಂಗಳಿದೆ ಅವರ ರಿಟೈರ್ಮೆಂಟಿಗೆ."

"ನಾನು ಕೇಳಿದ್ದು ಅದನ್ನಲ್ಲ."

ತಂಗಿ ಮಗಳ ಅಂಗಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಅದರ ಸುಕ್ಕು ತೀಡತೊಡಗಿದಳು. "ಆಗ ಇನ್ನೊಬ್ಬ ಗುಮಾಸ್ತ ಬಿಟ್ಟು ಹೋಗಿದ್ದ. ಎರಡು ಮೇಜಿನ ಕೆಲಸ ಇವರೊಬ್ಬರ ತಲೆ ಮೇಲೆ. ನನಗೂ ಎರಡು ಸಲ ಬಸಿರು ನಿಲ್ಲಲಿಲ್ಲ, ನಿನಗೇ ಗೊತ್ತಲ್ಲ. ಮಧ್ಯಾಹ್ನಕ್ಕೇ ಎದ್ದು ಮನೆಗೆ ಬಂದುಬಿಡ್ತಿದ್ರು. ಬೇರೆ ಆಸ್ಪತ್ರೆಯೋರು ಬಂದು ವಿಚಾರಿಸ್ತಿದ್ರು, ಅವರದ್ದು ಮೊದಲು ಮುಗಿಸ್ತಿದ್ರು. ನಿನ್ನದು ಒಂದು ತಿಂಗಳಿನದು ಬಾಕಿ ಬಿತ್ತು, ಆಮೇಲೆ ಎರಡು ತಿಂಗಳಿನದು. ಯಾರಾದ್ರೂ ಬಂದು ಕೇಳಿದ್ರೆ ಅವರ ಚೀಟಿ ಹುಡುಕಿ ಆವತ್ತೇ ಏರಿಸಿ ಕೊಡ್ತಿದ್ರು. ಕೇಳದೇ ಇದ್ದೋರದ್ದು ಹಾಗೇ ಉಳೀತು. ಉಳಿದಷ್ಟೂ ಮೇಲಿನೋರಿಗೆ ಹೇಳೋಕೆ ಹೆದರಿಕೆ."

"ಚೀಟಿ ಎಲ್ಲಿದೆ?"

"ಚೀಲದಲ್ಲಿ ಮನೆಗೆ ತಂದಿಟ್ಟಿದ್ರು. ಒಂದಲ್ಲ ಒಂದು ದಿನ ಆಫೀಸಿಗೆ ಒಯ್ದು ಬರೀತೀನಿ ಅಂತ."

"ಈಗ ಎಲ್ಲಿದೆ ಅಂತ ಕೇಳ್ದೆ."

ತಂಗಿ ಈಗ ತಲೆ ಎತ್ತಿದಳು. "ನೀರಿನ ವಿಭಾಗಕ್ಕೆ ವರ್ಗ ಆಯ್ತಲ್ಲ, ಆಗ ತಪಾಸಣೆ ಬರುತ್ತೆ ಅಂತ ಭಯ ಬಿತ್ತು. ನಾನೇ ನೀರೊಲೆಗೆ ಹಾಕ್ದೆ ಅಕ್ಕ. ಇವಳು ಹುಟ್ಟಿದ್ದು ಆಗ್ಲೇ. ನೀನು ಬಾಣಂತನಕ್ಕೆ ಬಂದು ಒಂದು ತಿಂಗಳು ಇದ್ಯಲ್ಲ, ಆಗ. ದಿನಾ ಒಂದಿಷ್ಟು."

ನರ್ಸಮ್ಮನಿಗೆ ಆ ತಿಂಗಳು ಚೆನ್ನಾಗಿ ನೆನಪಿತ್ತು. ದಿನಾ ಬೆಳಗ್ಗೆ ತಾನೇ ಹಂಡೆಯಿಂದ ಬಿಸಿನೀರು ತೋಡಿ, ಕಾಲು ನೀಡಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ಎರೆಯುತ್ತಿದ್ದಳು. ಎದ್ದು ಬರುವ ಮೊದಲೇ ಒಲೆ ಉರಿಯುತ್ತಿದ್ದುದನ್ನು ನೋಡಿ, ಹಸಿ ಬಾಣಂತಿ ಇಷ್ಟು ಬೇಗ ಎದ್ದು ಒಲೆ ಹಚ್ಚಬಾರದೆಂದು ಗದರಿದ್ದೂ ನೆನಪಾಯಿತು.

"ಟಪಾಲು ಪುಸ್ತಕ?"

ತಂಗಿಯ ಕಣ್ಣು ನೀರೊಲೆಯ ಕಡೆಗೆ ಹೋಯಿತು. ಅಷ್ಟಕ್ಕೇ ಗೊತ್ತಾಯಿತು.

"ನೀನು ರಿಟೈರ್ ಆಗಿ ನಾಲ್ಕು ವರ್ಷ ಆಯ್ತು" ಎಂದಳು ತಂಗಿ ಮೆಲ್ಲಗೆ, ಚಿಕ್ಕಂದಿನಲ್ಲಿ ಏನಾದರೂ ಬೇಕಾದಾಗ ಕೇಳುತ್ತಿದ್ದ ದನಿಯಲ್ಲಿ. "ಈಗ ನಿನ್ನ ಮೇಲೆ ಬಂದ್ರೂ ಯಾರೂ ಏನೂ ಮಾಡೋಕಾಗಲ್ಲ. ಮರೆತುಹೋಯ್ತು, ಕಳಿಸೋಕೆ ಆಗ್ಲಿಲ್ಲ ಅಂತ ಬರೆದುಕೊಟ್ಟುಬಿಡು. ನಿಂಗೇನು, ಗಂಡನಾ, ಮಕ್ಕಳಾ? ನಮಗೆ ಹೆಣ್ಣು ಮಗು ಇದೆ."

ನರ್ಸಮ್ಮ ಕಾಗದ ಮಡಚಿ ಚೀಲದಲ್ಲಿಟ್ಟುಕೊಂಡು ಹೊರಬಂದಳು. ಮನೆ ಮುಟ್ಟುವವರೆಗೆ ಆಕೆಯ ಕಿವಿಯಲ್ಲಿ ಇದ್ದದ್ದು ಒಲೆಯ ಮಾತಲ್ಲ, ಪುಸ್ತಕದ ಮಾತೂ ಅಲ್ಲ. "ಗಂಡನಾ, ಮಕ್ಕಳಾ" ಎಂಬುದು.

ಆದರೂ ಮೂರು ದಿನ ಮನೆಯೊಳಗೆ ಅತ್ತಿಂದಿತ್ತ ಓಡಾಡಿದ ಮೇಲೆ ಆಕೆ ತಂಗಿ ಹೇಳಿದ ಹಾಗೇ ಮಾಡುವುದೆಂದು ತೀರ್ಮಾನಿಸಿದಳು. ಆರು ವರ್ಷದ ಹುಡುಗಿಯನ್ನು ಎತ್ತಿಕೊಂಡು ಬೆಳೆಸಿದ ಕೈ ಅಷ್ಟು ಬೇಗ ಕೆಳಗಿಳಿಸುವುದಿಲ್ಲ. ತಾನೇ ಚೀಟಿ ಕಳಿಸಲಿಲ್ಲವೆಂದು ಒಪ್ಪಿಕೊಂಡು, ಕೈಯಲ್ಲಿರುವ ನೀಲಿ ಪುಸ್ತಕಗಳ ಬಲದಿಂದ ಮಕ್ಕಳ ಹುಟ್ಟನ್ನು ದಾಖಲು ಮಾಡಿಸಿಬಿಟ್ಟರೆ ಎಲ್ಲರೂ ಬಚಾವು. ಹೀಗೆಂದುಕೊಂಡು ಆ ನಾಲ್ಕು ವರ್ಷದ ಮೂರು ಪುಸ್ತಕಗಳನ್ನು ಚೀಲದಲ್ಲಿ ಹೊತ್ತು ಪುರಸಭೆಯ ಮೆಟ್ಟಿಲು ಹತ್ತಿದಳು.

ಹೊಸ ಅಧಿಕಾರಿ ನಲವತ್ತರ ಆಸುಪಾಸಿನ ಹೆಂಗಸು. ಮೇಜಿನ ಮೇಲೆ ಕಡತಗಳ ಗುಡ್ಡೆ, ಪಕ್ಕದಲ್ಲಿ ಮುಚ್ಚಳವಿಲ್ಲದ ನೀರಿನ ಬಾಟಲಿ. ನರ್ಸಮ್ಮನ ಪುಸ್ತಕಗಳನ್ನು ಪುಟಪುಟವಾಗಿ ತಿರುವಿ ನೋಡಿದರು. ಮುಖದ ಬಿಗುವು ಸ್ವಲ್ಪ ಸಡಿಲಾಯಿತು.

"ಇದು ಇಷ್ಟು ನೀಟಾಗಿದೆ. ಮತ್ತೆ ಚೀಟಿ ಯಾಕೆ ಕಳಿಸ್ಲಿಲ್ಲ ನೀವು?"

"ತಪ್ಪಾಯ್ತು ಮೇಡಂ. ಬರೆದುಕೊಡ್ತೀನಿ. ಆದ್ರೆ ಈ ಪುಸ್ತಕ ನೋಡ್ಕೊಂಡು ಮಕ್ಕಳ ಹೆಸರು ಏರಿಸಿಬಿಡಿ."

ಅಧಿಕಾರಿ ಪೆನ್ನು ಕೆಳಗಿಟ್ಟರು. "ಅಷ್ಟು ಸುಲಭ ಇಲ್ಲ ಅಮ್ಮ. ಇಷ್ಟು ವರ್ಷ ಆದ್ಮೇಲೆ ನಾನು ಏರಿಸೋ ಹಾಗಿಲ್ಲ. ಒಂದೊಂದು ಮಗುವಿಗೂ ತಂದೆತಾಯಿ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕ್ಬೇಕು. ಹುಟ್ಟಿದ್ದಕ್ಕೆ ಸಾಕ್ಷಿ ಬೇಕು. ಆಸ್ಪತ್ರೆ ದಾಖಲೆ ರದ್ದಿಗೆ ಹೋಗಿದೆ. ಉಳಿದಿರೋ ಸಾಕ್ಷಿ ನೀವೊಬ್ರೇ. ನಾಲ್ಕು ವರ್ಷ ಒಂದು ಚೀಟೀನೂ ಕಳಿಸದೇ ಇದ್ದ ನರ್ಸು ಅಂತ ನೀವೇ ಬರೆದುಕೊಟ್ರೆ, ನಿಮ್ಮ ನೋಟುಬುಕ್ಕನ್ನ ಯಾವ ಮ್ಯಾಜಿಸ್ಟ್ರೇಟು ನಂಬ್ತಾರೆ?"

ನರ್ಸಮ್ಮ ಅದನ್ನು ಯೋಚಿಸಿಯೇ ಇರಲಿಲ್ಲ. ತನ್ನ ಹೆಸರು ಕೆಟ್ಟರೆ ಕೆಡಲಿ, ತನ್ನೊಬ್ಬಳದಲ್ಲವೇ ಎಂದುಕೊಂಡಿದ್ದಳು. ಆ ಹೆಸರಿನ ಮೇಲೆ ಇಷ್ಟು ಮಕ್ಕಳ ಹುಟ್ಟು ನಿಂತಿದೆ ಎಂದು ಈಗ ತಿಳಿಯಿತು.

"ಆ ರಿಜಿಸ್ಟರು ಒಂದು ಸಲ ತೋರಿಸ್ತೀರಾ ಮೇಡಂ?"

ದಾಖಲೆ ಕೋಣೆಯಿಂದ ನಾಲ್ಕು ರಿಜಿಸ್ಟರು ಬಂದವು. ಧೂಳಿಗೆ ಇಬ್ಬರೂ ಸೀನಿದರು. ಒಂದು ಪುಟವೂ ಹರಿದಿರಲಿಲ್ಲ. ನರ್ಸಮ್ಮ ತನ್ನ ನೀಲಿ ಪುಸ್ತಕ ತೆರೆದು ಒಂದೊಂದೇ ಹೆಸರು ಓದುತ್ತ ಹೋದಳು, ಅಧಿಕಾರಿ ರಿಜಿಸ್ಟರಿನಲ್ಲಿ ಬೆರಳಾಡಿಸುತ್ತ "ಇದೆ", "ಇಲ್ಲ", "ಇಲ್ಲ", "ಇಲ್ಲ" ಎನ್ನುತ್ತ ಹೋದರು. ದೊಡ್ಡಾಸ್ಪತ್ರೆಯ ಮಕ್ಕಳಿದ್ದರು, ಬೇರೆ ನರ್ಸಿಂಗ್ ಹೋಮಿನ ಮಕ್ಕಳಿದ್ದರು. ನಡುನಡುವೆ ನರ್ಸಮ್ಮನ ಮಕ್ಕಳು ಮಾತ್ರ ಹಲ್ಲು ಉದುರಿದ ಹಾಗೆ ಮಾಯ. ಇದ್ದ ಕೆಲವರ ಎದುರೂ ವರದಿಯ ಮೂಲ ತಂದೆತಾಯಿ ಎಂದಿತ್ತು, ಆಸ್ಪತ್ರೆಯ ಚೀಟಿಯ ಸುಳಿವಿರಲಿಲ್ಲ. ಎರಡು ಮಧ್ಯಾಹ್ನ ಈ ಕೆಲಸ ನಡೆಯಿತು. ಕೊನೆಗೆ ಸಿಕ್ಕ ಲೆಕ್ಕ, ಇನ್ನೂರ ಹದಿನಾಲ್ಕು.

ಎರಡನೆಯ ಮಧ್ಯಾಹ್ನ, ಕೊನೆಯ ರಿಜಿಸ್ಟರಿನಲ್ಲಿ, ಒಂದು ಪುಟ ತಿರುವಿದಾಗ ನರ್ಸಮ್ಮನೇ ಅಧಿಕಾರಿಯ ಕೈ ಹಿಡಿದು ನಿಲ್ಲಿಸಿದಳು. ಆ ತಿಂಗಳು ತಾನು ಹೆರಿಗೆ ಮಾಡಿಸಿದ ಹದಿಮೂರು ಮಕ್ಕಳಲ್ಲಿ ಒಂದೇ ಒಂದು ಅಲ್ಲಿತ್ತು. ಹುಟ್ಟಿದ ಮರುದಿನವೇ ದಾಖಲಾಗಿತ್ತು. ಅಕ್ಷರ ಉಳಿದ ಪುಟಗಳಿಗಿಂತಲೂ ಚೆಂದವಾಗಿತ್ತು, ಶಾಯಿ ಸಹ ಬೇರೆ, ಕಡುಕಪ್ಪು. ತಾಯಿಯ ಹೆಸರು ತಂಗಿಯದು. ತಂದೆಯ ಹೆಸರು ಬರೆದವನದೇ. ಕೊನೆಯ ಅಂಕಣದಲ್ಲಿ: ವರದಿಯ ಮೂಲ, ಹೆರಿಗೆ ಆಸ್ಪತ್ರೆ, ಚೀಟಿ ಸಂಖ್ಯೆ ಎಂಬತ್ತೆಂಟು.

ಆ ಚೀಟಿಯನ್ನು ನರ್ಸಮ್ಮನೇ ತಂಗಿಯ ಹಾಸಿಗೆಯ ಅಂಚಿನಲ್ಲಿ ಕೂತು ಬರೆದಿದ್ದಳು. ಸಂತೋಷದಲ್ಲಿ ಎರಡು ಸಲ ತಪ್ಪು ಬರೆದು ತಿದ್ದಿದ್ದಳು. ಆ ಸಲ ತಿಂಗಳ ಕೊನೆಗೆ ಕಾಯದೆ ಮರುದಿನವೇ ಒಯ್ದು ಕೊಟ್ಟಿದ್ದಳು. ಎಂಬತ್ತನೆಯದರಿಂದ ಎಂಬತ್ತೇಳರವರೆಗಿನ ಚೀಟಿಗಳು ಅದೇ ಕಟ್ಟಿನಲ್ಲಿ, ಅದೇ ದಿನ ಆತನ ಕೈ ಸೇರಿದ್ದವು. ಬೇರೆಯವರ ಮಕ್ಕಳನ್ನು ಬಿಟ್ಟು, ತನ್ನದನ್ನು ಮಾತ್ರ ಹೆಕ್ಕಿ ತೆಗೆದು, ಹೊಸ ಶಾಯಿಯಲ್ಲಿ ಬರೆದಿದ್ದ. ಕೆಲಸದ ಹೊರೆ, ಹೆದರಿಕೆ ಎಂದು ತಂಗಿ ಹೇಳಿದ್ದನ್ನು ಅಲ್ಲಿಯವರೆಗೂ ನರ್ಸಮ್ಮ ಎಲ್ಲೋ ಒಂದು ಮೂಲೆಯಲ್ಲಿ ಹೊಟ್ಟೆಗೆ ಹಾಕಿಕೊಂಡಿದ್ದಳು. ಈ ಪುಟದ ಮುಂದೆ ಆ ಮಾತು ನಿಲ್ಲಲಿಲ್ಲ. ಚೀಟಿಗೆ ಏನು ಬೆಲೆ ಎಂದು ಆತನಿಗೆ ಚೆನ್ನಾಗಿಯೇ ಗೊತ್ತಿತ್ತು.

ಅಧಿಕಾರಿ ಆ ಸಾಲನ್ನು ಓದಿ, ಹೇಳಿಕೆಯ ನಕಲನ್ನು ಪಕ್ಕಕ್ಕಿಟ್ಟುಕೊಂಡು ನೋಡಿದರು. "ಯಾವ ವರದೀನೂ ಬಂದಿಲ್ಲ ಅಂತ ಬರೆದಿದ್ದಾರೆ. ಎಂಬತ್ತೆಂಟನೇ ಚೀಟಿ ಬಂದಿದೆ ಅಂದ್ರೆ ಎಂಬತ್ತೇಳು ಎಲ್ಲಿ ಹೋಯ್ತು?" ತಂದೆಯ ಹೆಸರಿನ ಮೇಲೆ ಬೆರಳಿಟ್ಟು ಕೇಳಿದರು: "ಇವರು ನಿಮಗೇನಾಗ್ಬೇಕು?"

"ತಂಗಿ ಗಂಡ."

"ಈಗ ಏನು ಬರೆದುಕೊಡ್ತೀರಿ?"

ನರ್ಸಮ್ಮ ಬಿಳಿಯ ಹಾಳೆ ಕೇಳಿ ತೆಗೆದುಕೊಂಡಳು. ಚೀಟಿಗಳನ್ನು ತಿಂಗಳು ತಿಂಗಳು ಕೊಟ್ಟಿದ್ದು, ಸಹಿ ಹಾಕಿಸಿಕೊಂಡಿದ್ದು, ಟಪಾಲು ಪುಸ್ತಕಗಳನ್ನು ಇಂಥ ಭಾನುವಾರ ಊಟವಾದ ಮೇಲೆ ತಂಗಿಯ ಗಂಡನಿಗೆ ಕೊಟ್ಟಿದ್ದು, ಎಲ್ಲವನ್ನೂ ಬರೆದಳು. ನೀರೊಲೆಯ ವಿಷಯ ಬಂದಾಗ ಪೆನ್ನು ನಿಂತಿತು. ತಂಗಿಯ ಹೆಸರನ್ನು ಬರೆಯಲಿಲ್ಲ. "ಚೀಟಿಗಳು ಈಗ ಉಳಿದಿರುವುದಿಲ್ಲವೆಂದು ತಿಳಿದುಬಂದಿದೆ" ಎಂದಷ್ಟೇ ಬರೆದು ಸಹಿ ಮಾಡಿದಳು. ಆಕೆಯ ಕೈಲಾದ ಉಪಕಾರ ಅಷ್ಟು.

ಭಾನುವಾರ ಯಾರೂ ಊಟಕ್ಕೆ ಬರಲಿಲ್ಲ. ಆಕೆ ಅಭ್ಯಾಸಬಲದಿಂದ ನಾಲ್ಕು ಮಂದಿಗಾಗುವಷ್ಟು ಅಕ್ಕಿ ಅಳೆದಿದ್ದಳು. ಮೂರನೆಯ ಭಾನುವಾರ ತಂಗಿಯ ಮಗಳು ಒಬ್ಬಳೇ ಬಂದಳು. ಒಳಗೆ ಕಾಲಿಡಲಿಲ್ಲ.

"ದೊಡ್ಡಮ್ಮ, ನನ್ನ ಹೆಸರು ಇಟ್ಕೊಂಡು ಅಪ್ಪನ್ನ ಸಿಕ್ಕಿಸಿದೆಯಂತೆ. ನಿಜಾನಾ?"

"ನಿನ್ನ ಹೆಸರು ರಿಜಿಸ್ಟರಲ್ಲಿತ್ತು ಪುಟ್ಟಿ. ನಾನು ಇಟ್ಟಿದ್ದಲ್ಲ."

"ಬೇರೆಯವರ ಮಕ್ಕಳಿಗೋಸ್ಕರ ನಮ್ಮನ್ನ ಬೀದಿಗೆ ತಂದ್ಯಲ್ಲ" ಎಂದಳು ಹುಡುಗಿ. ಅದು ಅವಳ ಮಾತಲ್ಲ, ಮನೆಯಲ್ಲಿ ಕೇಳಿದ ಮಾತು ಎಂದು ನರ್ಸಮ್ಮನಿಗೆ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಕಡಿಮೆ ನೋಯಲಿಲ್ಲ. ಹುಡುಗಿ ಗೇಟು ಹಾಕಿಕೊಳ್ಳದೆ ಹೊರಟುಹೋದಳು.

ಆತನ ನಿವೃತ್ತಿಯ ದಿನ ಹಾರ, ಭಾಷಣ ಯಾವುದೂ ಇರಲಿಲ್ಲ. ವಿಚಾರಣೆ ಮುಗಿಯುವವರೆಗೆ ಬರಬೇಕಾದ ಹಣವನ್ನೆಲ್ಲ ತಡೆಹಿಡಿಯಲಾಗಿದೆ ಎಂದು ಊರಿಗೆ ಸುದ್ದಿ ಬಂತು. ಇತ್ತ ಮ್ಯಾಜಿಸ್ಟ್ರೇಟರ ಕಚೇರಿಯಲ್ಲಿ ಅರ್ಜಿಗಳ ಕೆಲಸ ಶುರುವಾಯಿತು. ಮಂಗಳವಾರ ಮತ್ತು ಶುಕ್ರವಾರ. ನರ್ಸಮ್ಮ ಬೆಳಗ್ಗೆಯೇ ಬುತ್ತಿ ಕಟ್ಟಿಕೊಂಡು ಹೋಗಿ ಉದ್ದನೆಯ ಬೆಂಚಿನಲ್ಲಿ ಕೂರುವಳು. ಕೂಗಿದಾಗ ಒಳಗೆ ಹೋಗಿ, ಪುಸ್ತಕ ತೆರೆದು, "ಹೌದು, ನನ್ನ ಕೈಯಲ್ಲೇ ಹುಟ್ಟಿದ್ದು" ಎನ್ನುವಳು. ಬಟ್ಟೆ ಹೊಲಿಯುವವಳ ಮಗಳದೇ ಮೊದಲ ಆದೇಶ. ಆದರೂ ಕಾಲೇಜಿನ ದಿನ ಮೀರಿಹೋಗಿ ಆ ಹುಡುಗಿ ಒಂದು ವರ್ಷ ಮನೆಯಲ್ಲಿ ಕೂರಬೇಕಾಯಿತು. ಅವಳ ತಾಯಿ ನರ್ಸಮ್ಮನಿಗೆ ಎರಡು ರವಿಕೆ ಹೊಲಿದುಕೊಟ್ಟಳು, ಒಂದು ವರ್ಷ ಹೋದದ್ದರ ಬಗ್ಗೆ ಏನೂ ಹೇಳಲಿಲ್ಲ. ಗ್ಯಾರೇಜಿನವನು ಕೆಲಸವಾದ ಮೇಲೆ ತಲೆ ತಗ್ಗಿಸಿಕೊಂಡು ಹೋದ.

ಒಬ್ಬ ತಾಯಿಯನ್ನು ನರ್ಸಮ್ಮ ಮರೆಯಲಾರಳು. ಅವಳ ಮಗ ಒಂಬತ್ತನೆಯ ವರ್ಷಕ್ಕೆ ಕಾಯಿಲೆ ಬಿದ್ದು ತೀರಿಕೊಂಡಿದ್ದ. ಅವನ ಹುಟ್ಟೂ ದಾಖಲಾಗಿರಲಿಲ್ಲ. ಮ್ಯಾಜಿಸ್ಟ್ರೇಟರು ಮೃದುವಾಗಿಯೇ ಕೇಳಿದರು: "ಈಗ ಇದರಿಂದ ನಿಮಗೇನು ಉಪಯೋಗ ಅಮ್ಮ?"

"ಸತ್ತಿದ್ದಕ್ಕೆ ಕಾಗದ ಇದೆ ಸಾಮಿ. ಹುಟ್ಟಿದ್ದಕ್ಕಿಲ್ಲ. ಅದೊಂದೇ ಇದ್ರೆ, ಅವನು ಬರೀ ಸತ್ತ ಹಾಗಿದೆ" ಎಂದಳು ತಾಯಿ.

ನರ್ಸಮ್ಮ ಪುಸ್ತಕ ತೆರೆದು ಓದಿದಳು. ಎರಡು ಕೆಜಿ ಆರುನೂರು. ಮಧ್ಯಾಹ್ನ ಹನ್ನೆರಡೂವರೆ. ಓದಿ ಮುಗಿಸಿ, ಪುಸ್ತಕವನ್ನು ತಾಯಿಯ ಕಡೆ ತಿರುಗಿಸಿ ಆ ಸಾಲು ತೋರಿಸಿದಳು.

ಅಕ್ಷರ ತನ್ನದೆಂದು ಹೇಳಲು ತಂಗಿಯ ಗಂಡನನ್ನೂ ಒಂದು ದಿನ ಅಲ್ಲಿಗೆ ಕರೆಸಿದರು. ಬಿಳಿ ಅಂಗಿ, ಎಣ್ಣೆ ಹಾಕಿ ಬಾಚಿದ ತಲೆ, ಬಹಳ ಇಳಿದುಹೋಗಿದ್ದ. ರಿಜಿಸ್ಟರು ನೋಡಿ "ನನ್ನದೇ" ಎಂದ. ಟಪಾಲು ಪುಸ್ತಕದ ಬಗ್ಗೆ ಕೇಳಿದಾಗ "ಅಂಥದ್ದು ನಾನು ನೋಡಿಲ್ಲ" ಎಂದ. ದನಿ ಏರಲಿಲ್ಲ. ಹೊರಗೆ ಬಂದವನು ಬೆಂಚಿನ ಹತ್ತಿರ ನಿಂತು, ಏನೂ ಆಗಿಯೇ ಇಲ್ಲವೆನ್ನುವ ಹಾಗೆ, "ಬಿಸಿಲು ಜಾಸ್ತಿ ಅಕ್ಕ, ಆಟೋದಲ್ಲಿ ಹೋಗಿ" ಎಂದ.

ನರ್ಸಮ್ಮ ಆ ಮುಖವನ್ನೇ ನೋಡಿದಳು. ಬೈಯಬೇಕೆಂದು ಎಷ್ಟೋ ದಿನದಿಂದ ಮಾತು ಕೂಡಿಸಿಟ್ಟಿದ್ದಳು. "ಇನ್ನು ಅಕ್ಕ ಅನ್ಬೇಡಿ" ಎಂದಳು ಅಷ್ಟೇ. ಆತ ತಲೆಯಾಡಿಸಿದ, ಕೌಂಟರಿನಲ್ಲಿ ಯಾರದೋ ಅರ್ಜಿ ಸ್ವೀಕರಿಸುವವನ ಹಾಗೆ, ಮತ್ತು ಮೆಟ್ಟಿಲಿಳಿದು ಹೋದ.

ಎರಡು ವರ್ಷದಲ್ಲಿ ನೂರ ಅರವತ್ತೊಂಬತ್ತು ಮಕ್ಕಳ ಹುಟ್ಟು ರಿಜಿಸ್ಟರಿಗೆ ಏರಿತು. ಉಳಿದವರಲ್ಲಿ ಎಷ್ಟೋ ಮಂದಿ ಊರು ಬಿಟ್ಟಿದ್ದರು, ಕೆಲವರ ವಿಳಾಸವೇ ಸಿಗಲಿಲ್ಲ. ಅವರ ಹೆಸರುಗಳನ್ನು ನರ್ಸಮ್ಮ ಒಂದು ಹಾಳೆಯಲ್ಲಿ ಬರೆದು ಅಧಿಕಾರಿಗೆ ಕೊಟ್ಟಿದ್ದಾಳೆ, ಯಾವತ್ತಾದರೂ ಬಂದು ಕೇಳಿದರೆ ತನ್ನ ಮನೆ ತೋರಿಸಿ ಎಂದು. ತಂಗಿ ಅದೇ ಊರಿನಲ್ಲಿದ್ದಾಳೆ. ಮಾರುಕಟ್ಟೆಯಲ್ಲಿ ಕಂಡರೆ ಇಬ್ಬರೂ ಬೇರೆ ಬೇರೆ ಅಂಗಡಿಗೆ ತಿರುಗಿಕೊಳ್ಳುತ್ತಾರೆ. ಅವಳು ಮೊದಲಿಗಿಂತ ಸಣ್ಣಗಾಗಿದ್ದಾಳೆಯೇ, ಮಂಡಿನೋವು ಹೇಗಿದೆ ಎಂದು ನರ್ಸಮ್ಮ ಹಿಂದಿನಿಂದ ನೋಡಿ ಅಂದಾಜು ಮಾಡಿಕೊಳ್ಳುತ್ತಾಳೆ. ಕರೆಯುವುದಿಲ್ಲ.

ಈಚೆಗೆ ದಾರಿಯಲ್ಲಿ ಹುಡುಗರು ಎದುರಾದರೆ ಆಕೆ ತೂಕ ಹೇಳುವುದನ್ನು ಬಿಟ್ಟಿದ್ದಾಳೆ. "ಹುಟ್ಟಿದ ಕಾಗದ ಇದೆಯೇನೋ?" ಎಂದಷ್ಟೇ ಕೇಳುತ್ತಾಳೆ. ಬರುವ ಶುಕ್ರವಾರಕ್ಕೆ ಎರಡು ಅರ್ಜಿಗಳಿವೆ.